ಹುಲ್ಲು ಮೇಯ್ದ ಹೋರಿ, ಅಪ್ಪನ ರಕ್ತ

ಗುಂಡಿನ ಸದ್ದು ಕೇಳಿದಾಗ ಅಪ್ಪ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಿದ್ದ. ನಾನು ಒಳಗೆ ದೋಸೆ ಹುಯ್ಯುತ್ತಿದ್ದೆ. ಒಂದೇ ಸದ್ದು, ಹಸಿ ಬಿದಿರು ಸೀಳಿದ ಹಾಗೆ. ಕಿಟಕಿಯಿಂದ ನೋಡಿದರೆ, ಬೇಲಿಯಾಚೆ ಮೇಯುತ್ತಿದ್ದ ಕೆಂಚು ಹೋರಿ ಕಾಲು ಮಡಿಸಿಕೊಂಡು ಕುಸಿದುಬಿತ್ತು. ಬಂದೂಕು ಹಿಡಿದವನು ಯಾವ ಆತುರವೂ ಇಲ್ಲದೆ ಹತ್ತಿರ ಹೋಗಿ, ಸೊಂಟದಿಂದ ಚೂರಿ ತೆಗೆದು ಅದರ ಕತ್ತು ಕೊಯ್ದ. ರಕ್ತ ಹುಲ್ಲಿನ ಮೇಲೆ ಚಿಮ್ಮಿತು, ಚಳಿಗೆ ಅದರಿಂದ ಹಬೆ ಎದ್ದಿತು. ಪಕ್ಕದಲ್ಲಿದ್ದ ಹೋರಿಗಳು ಒಮ್ಮೆ ತಲೆಯೆತ್ತಿ ನೋಡಿದವು, ಮತ್ತೆ ಮೇಯತೊಡಗಿದವು.

ಮೆಟ್ಟಿಲ ಮೇಲೆ ಟೀ ಲೋಟ ಉರುಳಿತ್ತು. ಅಪ್ಪ ಇರಲಿಲ್ಲ. ಹುಡುಕಿಕೊಂಡು ಹೋದರೆ ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ.

"ಅಪ್ಪಾ, ನಾನು ಕಣಪ್ಪ, ಮಂಜುಳ. ಬಾಗ್ಲು ತೆಗಿ."

"ಒಂಟೋದ್ರಾ?"

"ಯಾರು?"

"ಅವ್ರು."

ಅವರು ಯಾರೆಂದು ನನಗೆ ಗೊತ್ತಿತ್ತು. ಅವರು ಇಲ್ಲಿಂದ ಎಷ್ಟು ದೂರ ಇದ್ದಾರೆ ಎನ್ನುವುದೂ ಗೊತ್ತಿತ್ತು. ಎರಡು ವಿಮಾನ ಹತ್ತಿ, ಸಮುದ್ರ ದಾಟಿ ಬಂದ ಮನುಷ್ಯ ಬಚ್ಚಲಿನಲ್ಲಿ ಚಿಲಕ ಹಾಕಿಕೊಂಡು ಕೂತಿದ್ದಾನೆ, ನಾನು ಹೊರಗೆ ನಿಂತು ಭೂಗೋಳ ಪಾಠ ಮಾಡಲೇ? ದೋಸೆ ಸೀದು ಹೋಯಿತು.

ಅರ್ಧ ಗಂಟೆ ಕಳೆದಿರಬೇಕು, ಮುಂಬಾಗಿಲು ಯಾರೋ ತಟ್ಟಿದರು. ನಮ್ಮ ಮನೆ ಮಾಲೀಕ ರಾಬ್. ಅರವತ್ತು ದಾಟಿದ ಆಳು, ಚಳಿಯಲ್ಲೂ ಅರ್ಧ ಚಡ್ಡಿ, ಮೊಣಕಾಲುದ್ದದ ಗಂಬೂಟು. ಕೈಯಲ್ಲೊಂದು ಸ್ಟೀಲ್ ಬಟ್ಟಲು, ಅದರ ತುಂಬ ದನದ ಈಲಿ, ಅಂದರೆ ಲಿವರ್, ಇನ್ನೂ ಬೆಚ್ಚಗೆ, ಬಟ್ಟಲಿನ ಅಂಚಿಗೆ ರಕ್ತ. "ನಿಮ್ಮಪ್ಪನಿಗೆ ಕೊಡು. ಹುಟ್ಟಿದಾಗಿನಿಂದ ಬರೀ ಹುಲ್ಲು ತಿಂದು ಬೆಳೆದದ್ದು. ಔಷಧಿ ಇದ್ದ ಹಾಗೆ" ಎಂದ ಇಂಗ್ಲಿಷಿನಲ್ಲಿ, ಮೊದಲ ಫಸಲಿನ ಮಾವಿನಹಣ್ಣು ಹಂಚುವವರ ಮುಖದಲ್ಲಿರುತ್ತದಲ್ಲ, ಅಂಥ ಸಂಭ್ರಮದಿಂದ. ಹಾಡಹಗಲು, ಬಾಗಿಲು ತೆರೆದೇ ಇದೆ, ರಸ್ತೆಯಲ್ಲಿ ಕಾರು ಓಡಾಡುತ್ತಿವೆ. ನಾನು ಮೊದಲು ಮಾಡಿದ ಕೆಲಸವೆಂದರೆ ಆ ಕಡೆ ಈ ಕಡೆ ನೋಡಿ ಬಟ್ಟಲನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡದ್ದು. ರಾಬ್‌ಗೆ ಏನೂ ಅರ್ಥವಾಗಲಿಲ್ಲ. ನನಗೆ ಚಳಿ ಎಂದುಕೊಂಡಿರಬೇಕು, ಹೀಟರ್ ಸರಿಯಿದೆಯಾ ಎಂದು ಕೇಳಿ ಹೋದ.

ನಾನು ಟೌರಂಗಾದಲ್ಲಿ ನರ್ಸ್. ಇದು ನ್ಯೂಜಿಲೆಂಡಿನ ಉತ್ತರ ದ್ವೀಪದ ಬಂದರು ಊರು. ಹಡಗು, ಕಿವಿ ಹಣ್ಣಿನ ತೋಟ, ಮುದುಕರು, ಮೂರಕ್ಕೂ ಇಲ್ಲಿ ಕೊರತೆಯಿಲ್ಲ. ಆ ಮೂರನೆಯವರನ್ನು ನೋಡಿಕೊಳ್ಳುವ ಒಂದು ಆಶ್ರಮದಲ್ಲಿ ನನ್ನ ಕೆಲಸ. ತುಮಕೂರಿನ ಆಚೆಯ ಹಳ್ಳಿಯ ಕೇರಿಯಿಂದ ಬೆಂಗಳೂರಿನ ನರ್ಸಿಂಗ್ ಹಾಸ್ಟೆಲಿಗೆ, ಅಲ್ಲಿಂದ ಇಲ್ಲಿಗೆ ಬಂದವಳು. ಕೇರಿ ಎಂದ ಮೇಲೆ ಯಾವ ಕೇರಿ ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಕೇಳುತ್ತಿದ್ದ ಪ್ರಶ್ನೆ ಒಂದೇ: ವೆಜ್ಜಾ, ನಾನ್‌ವೆಜ್ಜಾ? ನಾನು ವೆಜ್ ಎನ್ನುತ್ತಿದ್ದೆ. ಕೇಳಿದವರಿಗೆ ಅದೂ ಸಾಲದೆ ಊರು, ಹೆಸರು, ಅಪ್ಪನ ಹೆಸರು ಎಂದು ಕೆದಕುತ್ತಾ ಹೋಗುತ್ತಿದ್ದರು, ಕೊನೆಗೆ ಯಾರೋ ಸಂಬಂಧಿಕರು ಬರುತ್ತಾರಂತೆ ಎಂದು ಮನೆ ಇಲ್ಲವಾಗುತ್ತಿತ್ತು. ಇಲ್ಲಿ ರಾಬ್ ಕೇಳಿದ್ದೂ ಒಂದೇ ಪ್ರಶ್ನೆ: "ನಾಯಿ ಸಾಕಿದ್ದೀಯಾ? ನಾಯಿ ಇದ್ದರೆ ಹೋರಿಗಳನ್ನು ಅಟ್ಟಾಡಿಸುತ್ತದೆ." ಇಲ್ಲವೆಂದೆ. ಬೀಗದ ಕೈ ಕೊಟ್ಟ. ಅವನ ಜಮೀನಿನ ತುದಿಯಲ್ಲಿ ಎರಡು ಕೋಣೆಯ ಮರದ ಮನೆ, ಸುತ್ತಲೂ ಪ್ಯಾಡಕ್. ಪ್ಯಾಡಕ್ ಎಂದರೆ ತಂತಿಬೇಲಿ ಹಾಕಿದ ಹುಲ್ಲುಗಾವಲು. ಅಷ್ಟು ಸುಲಭಕ್ಕೆ ಸಿಕ್ಕಿತಲ್ಲ ಎಂದು ಕಾರಿನಲ್ಲಿ ಕೂತು ಅತ್ತೆ. ಸಂತೋಷಕ್ಕೆ ಅಂದುಕೊಂಡಿರಾ? ಸಿಟ್ಟಿಗೆ.

ರಾಬ್ ಮಾಡಿಸಿದ್ದಕ್ಕೆ ಇಲ್ಲಿಯವರು ಹೋಮ್‌ಕಿಲ್ ಎನ್ನುತ್ತಾರೆ. ತಾನು ಸಾಕಿದ ದನವನ್ನು ತನ್ನ ನೆಲದಲ್ಲೇ ಕೊಲ್ಲಿಸಿ ತಿನ್ನುವುದು. ಅದಕ್ಕೆಂದೇ ಒಬ್ಬ ಬಂದೂಕು, ಚೂರಿ, ಕೊಕ್ಕೆ ಹಾಕಿದ ಲಾರಿ ತರುತ್ತಾನೆ. ದನ ನೆಮ್ಮದಿಯಾಗಿ ಮೇಯುತ್ತಿರುವಾಗ ಹಣೆಗೆ ಒಂದೇ ಗುಂಡು. ಹೆದರಿದ ದನದ ಮಾಂಸ ಕಪ್ಪಾಗಿ ಗಟ್ಟಿಯಾಗುತ್ತದಂತೆ, ಹಾಗಾಗಿ ಅದಕ್ಕೆ ಸಾವಿನ ಸುಳಿವೂ ಸಿಗಬಾರದು. ಆ ಮಾಂಸವನ್ನು ಮಾರುವಂತಿಲ್ಲ, ಮನೆಯವರೇ ತಿನ್ನಬೇಕು. ಬಾಡಿಗೆಗಿದ್ದ ನಮ್ಮನ್ನೂ ರಾಬ್ ಮನೆಯವರ ಲೆಕ್ಕಕ್ಕೆ ಸೇರಿಸಿಕೊಂಡಿದ್ದ. ಬೇರೆ ಏನೂ ಕೇಳದೆ, ಈಲಿ ಕೊಟ್ಟು ಸೇರಿಸಿಕೊಂಡ.

ಇನ್ನು ಆ ಹುಲ್ಲಿನ ವಿಷಯ. ಇಲ್ಲಿಯ ಸೂಪರ್‌ಮಾರ್ಕೆಟ್ಟಿನಲ್ಲಿ ಮಾಂಸದ ಪೊಟ್ಟಣದ ಮೇಲೆ ಹಸಿರು ಗುಡ್ಡದ ಚಿತ್ರ, ಕೆಳಗೆ 'ಗ್ರಾಸ್-ಫೆಡ್'. ಹುಲ್ಲು ತಿಂದು ಬೆಳೆದದ್ದು ಎಂದು ಹೆಮ್ಮೆ. ಮೊದಲ ಸಲ ಓದಿದಾಗ ಅಂಗಡಿಯಲ್ಲೇ ಗಟ್ಟಿಯಾಗಿ ನಕ್ಕೆ. ನಮ್ಮೂರಲ್ಲಿ ಯಾವ ದನ ಹುಲ್ಲು ಬಿಟ್ಟು ಬಿರಿಯಾನಿ ತಿನ್ನುತ್ತಿತ್ತು? ಬೆಂಗಳೂರಿನ ದನಗಳು ಪ್ಲಾಸ್ಟಿಕ್ಕೂ ತಿನ್ನುತ್ತವೆ, ಗೋಡೆಯ ಪೋಸ್ಟರೂ ತಿನ್ನುತ್ತವೆ, ಅದು ಬೇರೆ ಮಾತು. ಆಮೇಲೆ ಕೆಲಸದ ಜಾಗದಲ್ಲಿ ಆಹಾರ ತಜ್ಞೆಯನ್ನು ಕೇಳಿ ತಿಳಿದುಕೊಂಡೆ. ಕೆಲವು ದೇಶಗಳಲ್ಲಿ ದನವನ್ನು ಕೂಡಿಹಾಕಿ ಮುಸುಕಿನ ಜೋಳ ತಿನ್ನಿಸಿ ಕೊಬ್ಬಿಸುತ್ತಾರೆ. ಬಯಲಲ್ಲಿ ಓಡಾಡಿ ಹುಲ್ಲು ಮೇಯ್ದ ದನದಲ್ಲಿ ಕೊಬ್ಬು ಕಡಿಮೆ. ಇರುವ ಕೊಬ್ಬಿನಲ್ಲೂ ಮೀನಿನಲ್ಲಿರುವಂಥ ಒಳ್ಳೆಯ ಅಂಶ ಒಂದಿಷ್ಟು ಹೆಚ್ಚು. ಹುಲ್ಲಿನ ಸತ್ವಕ್ಕೆ ಆ ಕೊಬ್ಬು ಅರಿಶಿನ ಬಣ್ಣಕ್ಕೆ ತಿರುಗಿರುತ್ತದೆ. ವ್ಯತ್ಯಾಸ ಆಕಾಶ ಭೂಮಿಯಷ್ಟೇನಲ್ಲ, ಮಾರುವವರು ಉಬ್ಬಿಸಿ ಹೇಳುತ್ತಾರೆ, ವಾರಕ್ಕೆ ಒಂದೆರಡು ಸಲ ಸಾಕು, ಅತಿಯಾದರೆ ಕೆಡುಕೇ ಎಂದೂ ಆಕೆ ಹೇಳಿದಳು. ಆದರೆ ರಕ್ತ ಕಡಿಮೆಯಿದ್ದವರಿಗೆ ಕೆಂಪು ಮಾಂಸದ ಕಬ್ಬಿಣ ಸೊಪ್ಪಿನ ಕಬ್ಬಿಣಕ್ಕಿಂತ ಬೇಗ ಮೈಗೆ ಹತ್ತುತ್ತದೆ, ಬಿ-ಹನ್ನೆರಡು ವಿಟಮಿನ್ನೂ ಸಿಗುತ್ತದೆ. ನಮ್ಮವ್ವ ಬಾಣಂತಿಯರಿಗೆ ಈಲಿ ಹುರಿದು ಕೊಡುತ್ತಿದ್ದಳು. ಅದಕ್ಕೆ ಲೇಬಲ್ ಇರಲಿಲ್ಲ, ಬಾಗಿಲು ಮುಚ್ಚಿ ಹುರಿಯುತ್ತಿದ್ದಳು.

ಈಗ ಅಪ್ಪನ ಕೈಯ ಕಥೆ ಹೇಳಬೇಕು.

ಅಪ್ಪ ಗಾರೆ ಕೆಲಸದವನು. ಗೂಟ ಕಟ್ಟಿ ದಾರ ಎಳೆದು ನಿಂತರೆ ಗೋಡೆ ಕೂದಲೆಳೆಯಷ್ಟೂ ಓರೆಯಾಗುತ್ತಿರಲಿಲ್ಲ. ನನಗೆ ಬೆಂಗಳೂರಿನಲ್ಲಿ ಮೊದಲ ಕೆಲಸ ಸಿಕ್ಕ ವಾರ ನಾನು ಊರಿಗೆ ಬರುತ್ತೇನೆಂದು ಪೇಟೆಯಿಂದ ದೊಡ್ಡ ಮಾಂಸ, ಅಂದರೆ ದನದ್ದು, ತರುತ್ತಿದ್ದ. ಮೊಪೆಡ್ಡಿನ ಹ್ಯಾಂಡಲಿಗೆ ಚೀಲ. ಊರ ಕೆರೆ ಏರಿಯ ಮೇಲೆ ಹುಡುಗರು ಅಡ್ಡ ಹಾಕಿದರು. ಚೀಲ ಬಿಚ್ಚಿ ರಸ್ತೆಗೆ ಸುರಿದು ಅದರ ಮೇಲೆ ಬೈಕು ಓಡಿಸಿದರು. ಆಮೇಲೆ ಅಪ್ಪನ ಮೇಲೆ ಬಿದ್ದರು. ದೊಣ್ಣೆ, ಬೈಕಿನ ಚೈನು. ಕೆಳಗೆ ಕೆಡವಿ, ಬಲಗೈಯನ್ನು ಏರಿಯ ಕಲ್ಲಿನ ಮೇಲೆ ಚಾಚಿಸಿ, ಒಬ್ಬ ಭುಜ ತುಳಿದು ನಿಂತ, ಇನ್ನೊಬ್ಬ ಹೊಡೆದ. ಮೂಳೆ ಮುರಿದ ಸದ್ದು ತನಗೇ ಕೇಳಿಸಿತು ಎಂದು ಅಪ್ಪ ಆಸ್ಪತ್ರೆಯಲ್ಲಿ ಒಂದೇ ಒಂದು ಸಲ ಹೇಳಿದ್ದ. ಇನ್ನು ಮುಟ್ಟುವುದಿಲ್ಲ ಎಂದು ಬಾಯಿ ಬಿಟ್ಟು ಹೇಳುವವರೆಗೂ ಹೊಡೆದರಂತೆ. ಹೊಡೆದವರು ಹೊರಗಿನವರಲ್ಲ. ಅವರಲ್ಲೊಬ್ಬನ ಮನೆಯ ಗೋಡೆ ಕಟ್ಟಿದ್ದು ಅದೇ ಕೈ.

ಮೂಳೆ ಸೊಟ್ಟಗೆ ಕೂಡಿಕೊಂಡಿತು. ಅಪ್ಪ ಊರಲ್ಲಿರುವವರೆಗೂ ಮತ್ತೆ ಕರಣೆ ಹಿಡಿಯಲಿಲ್ಲ. ಮಾಂಸ ಮುಟ್ಟಲಿಲ್ಲ. ದನದ್ದು ಮಾತ್ರವಲ್ಲ, ಕೋಳಿ, ಮೀನು, ಮೊಟ್ಟೆಯೂ ಇಲ್ಲ. ಅವ್ವ ತೀರಿಕೊಂಡ ಮೇಲೆ ಅನ್ನ, ತಿಳಿಸಾರು, ಅದರ ಮೇಲೆ ಟೀ, ಅಷ್ಟರಲ್ಲೇ ಬದುಕಿದ್ದ. ನಾನು ವೀಸಾ ಮಾಡಿಸಿ ಕರೆದುಕೊಂಡು ಬಂದಾಗ ವಿಮಾನ ನಿಲ್ದಾಣದಲ್ಲಿ ಗುರುತೇ ಸಿಗಲಿಲ್ಲ. ಮುಖ ಸುಣ್ಣ ಬಳಿದ ಹಾಗೆ. ಕೆಳರೆಪ್ಪೆ ಎಳೆದು ನೋಡಿದೆ, ಒಳಗೆ ಬೆಳ್ಳಗೆ.

ರಕ್ತ ಪರೀಕ್ಷೆಯಾಯಿತು. ಒಳಗೆಲ್ಲೂ ರಕ್ತ ಸೋರುತ್ತಿಲ್ಲ, ಬರೀ ಊಟದ ಕೊರತೆ ಎಂದರು. ಬಿ-ಹನ್ನೆರಡರ ಸೂಜಿ ನಾನೇ ಚುಚ್ಚಿದೆ. ಕಬ್ಬಿಣದ ಮಾತ್ರೆ ಹೊಟ್ಟೆಗೆ ಒಗ್ಗಲಿಲ್ಲ, ಅಪ್ಪ ಎರಡು ದಿನ ನುಂಗಿ ಮೂರನೆಯ ದಿನ ಸಿಂಕಿಗೆ ಹಾಕಿದ. ಆಸ್ಪತ್ರೆಯಲ್ಲಿ ಮಲಗಿಸಿ ರಕ್ತನಾಳಕ್ಕೆ ಕಬ್ಬಿಣ ಹಾಕಿಸೋಣವೆಂದರೆ, ಆಸ್ಪತ್ರೆ ಎಂಬ ಮಾತು ಕೇಳಿಯೇ ಮಂಚದ ಕಾಲು ಹಿಡಿದು ಕೂತ. ಡಾಕ್ಟರಮ್ಮ ನನ್ನ ಮುಖ ನೋಡಿ, "ಮಾಂಸ ತಿನ್ನುವ ಅಭ್ಯಾಸವಿದ್ದ ಮನೆಯವರಲ್ಲವೇ? ನಿಮ್ಮ ಬೇಲಿಯಾಚೆಯೇ ಅತ್ಯುತ್ತಮವಾದದ್ದು ಮೇಯುತ್ತಿದೆ. ವಾರಕ್ಕೆರಡು ಸಲ ತಿನ್ನಿಸಿ, ಮೇಲೆ ನಿಂಬೆಹಣ್ಣು ಹಿಂಡಿ, ಊಟದ ಹಿಂದೆಯೇ ಟೀ ಕೊಡಬೇಡಿ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಹೀಗೇ ಬಿಟ್ಟರೆ ಹೃದಯ ತಡೆಯುವುದಿಲ್ಲ" ಎಂದರು. ಡಾಕ್ಟರು ತಿನ್ನು ಎನ್ನುತ್ತಿದ್ದಾರೆ. ತಿಂದದ್ದಕ್ಕೆ ಕೈ ಮುರಿಸಿಕೊಂಡವನು ನನ್ನ ಪಕ್ಕದಲ್ಲಿ ಕೂತಿದ್ದಾನೆ. ನಾನು ಅನುವಾದ ಮಾಡದೆ, "ಚೆನ್ನಾಗ್ ಊಟ ಮಾಡ್ಬೇಕಂತೆ ಅಪ್ಪ" ಎಂದಷ್ಟೇ ಹೇಳಿದೆ.

ನಾನು ಸಮಾಧಾನದ ಹೆಂಗಸಲ್ಲ. ಒಂದು ಭಾನುವಾರ ಫ್ರೀಜರಿನಿಂದ ರಾಬ್ ಕೊಟ್ಟ ಮಾಂಸ ತೆಗೆದು, ಸಣ್ಣಗೆ ಕೊಚ್ಚಿ, ಬಟಾಣಿ ಮೆಂತ್ಯಸೊಪ್ಪಿನಲ್ಲಿ ಮುಳುಗಿಸಿ, "ಸೋಯಾ ಕಣಪ್ಪ, ಇಲ್ಲಿ ಎಲ್ರೂ ಇದ್ನೇ ತಿನ್ನಾದು" ಎಂದು ಬಡಿಸಿದೆ. ಹಾಸ್ಟೆಲಿನಲ್ಲಿ ಮನೆಯಿಂದ ತಂದ ದನದ ಮಾಂಸವನ್ನು ಮಟನ್ ಎಂದು ಸುಳ್ಳು ಹೇಳಿ ತಿಂದವಳಿಗೆ ಸೋಯಾ ಎನ್ನುವುದು ಏನು ಮಹಾ ಎಂದುಕೊಂಡೆ. ಅಪ್ಪ ಒಂದು ತುತ್ತು ಬಾಯಿಗಿಟ್ಟ. ದವಡೆ ನಿಂತಿತು. ಕಣ್ಣು ತುಂಬಿತು. ಆಮೇಲೆ ತಟ್ಟೆ ಹಾರಿತು. ನನ್ನ ಕಿವಿಯ ಪಕ್ಕದಲ್ಲೇ ಗೋಡೆಗೆ ಬಡಿದು ಚೂರಾಯಿತು. ಎದ್ದು ಬಂದು ಎಡಗೈಯಲ್ಲಿ ನನ್ನ ಕೆನ್ನೆಗೆ ಬಾರಿಸಿದ. ನನಗೆ ಬುದ್ಧಿ ಬಂದ ಮೇಲೆ ಅಪ್ಪ ನನ್ನನ್ನು ಹೊಡೆದದ್ದು ಅದೇ ಮೊದಲು.

"ನಾಲ್ಗೆಗೆ ಗೊತ್ತಾಗಲ್ಲ ಅನ್ಕಂಡ್ಯಾ? ನನ್ನೂ ಸಾಯಿಸ್ಬೇಕು, ನೀನೂ ಸಾಯ್ಬೇಕು ಅಂತ ಮಾಡಿದ್ಯಾ?"

"ಇಲ್ಲಿ ಯಾರಪ್ಪಾ ಕೇಳಾರು? ಆ ರಾಬ್ ಕೇಳ್ತಾನಾ? ಅವ್ನೇ ಕೊಟ್ಟಿದ್ದು!"

"ಅವ್ನಲ್ಲ. ಆ ಅಮ್ಮ ಬರ್ತಾರಲ್ಲ ವಾರ್ವಾರ. ಮನೆಯೆಲ್ಲ ವಾಸ್ನೆ ಇಡ್ಕಂಡೈತೆ."

ಆ ಅಮ್ಮ ಎಂದರೆ ಸುಧಾ ಆಂಟಿ. ಮೈಸೂರಿನವರು. ಗಂಡ ಬಂದರಿನಲ್ಲಿ ಎಂಜಿನಿಯರ್. ಇಂಡಿಯನ್ ಅಂಗಡಿಯಲ್ಲಿ ರಾಗಿಹಿಟ್ಟಿನ ಮುಂದೆ ಪರಿಚಯವಾದವರು, ಅಪ್ಪ ಬಂದಾಗಿನಿಂದ ಶನಿವಾರ ತಪ್ಪಿಸಿದವರಲ್ಲ. "ನನ್ ಮಕ್ಳು ನಾನು ಕನ್ನಡದಲ್ಲಿ ಕೇಳಿದ್ರೆ ಇಂಗ್ಲಿಷಲ್ಲಿ ಉತ್ತರ ಕೊಡ್ತಾವೆ ಅಂಕಲ್. ನಿಮ್ಮತ್ರ ಮಾತಾಡಿದ್ರೆ ಹೊಟ್ಟೆ ತುಂಬತ್ತೆ" ಎನ್ನುವರು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ತಂದು ಕೊಡುವರು. ಅಪ್ಪನಿಗೆ ಜ್ವರ ಬಂದಾಗ ನಾನು ರಜೆ ಸಿಗದೆ ಒದ್ದಾಡುತ್ತಿದ್ದರೆ, ಇಡೀ ದಿನ ಬಂದು ಪಕ್ಕದಲ್ಲಿ ಕೂತಿದ್ದವರು ಅವರೇ. ನಮ್ಮ ಮನೆಯಲ್ಲಿ ಮಾತ್ರ ಒಂದು ಲೋಟ ನೀರೂ ಕುಡಿಯುತ್ತಿರಲಿಲ್ಲ. ಈಗಷ್ಟೇ ಕುಡಿದು ಬಂದೆ ಎನ್ನುವರು. ಅವರು ಬರುವ ಹೊತ್ತಿಗೆ ನಾನು ಕಿಟಕಿ ತೆರೆದು ಊದುಬತ್ತಿ ಹಚ್ಚುತ್ತಿದ್ದೆ. ಈ ದೇಶದಲ್ಲಿ ನನ್ನ ಪಾತ್ರೆಯಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ. ನನಗೆ ಇಲ್ಲಿ ಇದ್ದ ಭಯವೆಲ್ಲ ಕನ್ನಡದ್ದು. ಆದರೆ ಆ ಕನ್ನಡ ವಾರಕ್ಕೊಮ್ಮೆ ಬರದೇ ಹೋದರೆ ಅಪ್ಪ ಮಾತೇ ಮರೆಯುತ್ತಿದ್ದ.

ಸುಧಾ ಆಂಟಿ ಬಂದಾಗಲೆಲ್ಲ ಕಪ್ಪಾದ ಬಾಳೆಹಣ್ಣು ತರುವರು, ಹೋರಿಗಳಿಗೆ. ಊರಲ್ಲಿ ಬಾಗಿಲಿಗೆ ಬಂದ ಹಸುವಿಗೆ ಕೊಟ್ಟು ಕಣ್ಣಿಗೊತ್ತಿಕೊಳ್ಳುತ್ತಾರಲ್ಲ, ಹಾಗೆ. ಒಂದು ಕಪ್ಪು ಹೋರಿ ಅವರಿಗೆ ಬಹಳ ಹೊಂದಿಕೊಂಡಿತ್ತು. ಅದಕ್ಕೆ ಬಸವ ಎಂದು ಹೆಸರಿಟ್ಟರು. ದೂರದಿಂದ "ಬಸವಾ" ಎಂದರೆ ಸಾಕು, ತಲೆಯೆತ್ತಿ ಓಡಿ ಬರುತ್ತಿತ್ತು. ಇದು ಬಸವ ಅಲ್ಲ, ಮುಂದಿನ ಸರದಿಯ ಊಟ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ರಾಬ್‌ಗೆ ಇದೆಲ್ಲ ತಮಾಷೆ. ಪುಕ್ಕಟೆ ಬಾಳೆಹಣ್ಣು ತಿಂದು ಮಾಂಸ ಸಿಹಿಯಾಗುತ್ತದೆ ಎಂದು ನನ್ನ ಹತ್ತಿರ ನಗುತ್ತಿದ್ದ.

ಅಪ್ಪ ಅಷ್ಟರಲ್ಲಿ ರಾಬ್ ಜೊತೆ ಮೂಕ ಭಾಷೆಯಲ್ಲಿ ಸ್ನೇಹ ಮಾಡಿಕೊಂಡಿದ್ದ. ಹೋರಿಗಳ ನೀರಿನ ತೊಟ್ಟಿ ಬಿರುಕು ಬಿಟ್ಟಿತ್ತು. ಎಡಗೈಯಲ್ಲಿ ಕರಣೆ ಹಿಡಿದು, ಐದು ನಿಮಿಷ ಬಳಿದು ಹತ್ತು ನಿಮಿಷ ಸುಧಾರಿಸಿಕೊಂಡು ಅದನ್ನು ಮೆತ್ತುತ್ತಿದ್ದ. ಎದ್ದು ನಿಂತರೆ ಕಣ್ಣು ಕತ್ತಲೆ ಬಂದು ಬೇಲಿ ಹಿಡಿದುಕೊಳ್ಳುತ್ತಿದ್ದ. ನಾನು ಕಿಟಕಿಯಿಂದ ನೋಡುತ್ತಾ, ಒಂದು ದಿನ ಹೀಗೇ ಬಿದ್ದು ಏಳುವುದಿಲ್ಲ ಎಂದು ಹಲ್ಲು ಕಚ್ಚುತ್ತಿದ್ದೆ.

ಕಪ್ಪು ಹೋರಿಯ ಸರದಿ ಬಂದದ್ದು ಒಂದು ಶುಕ್ರವಾರ. ಸುಧಾ ಆಂಟಿ ಬರುವುದು ಶನಿವಾರವಾದ್ದರಿಂದ ನಾನು ನಿಶ್ಚಿಂತೆಯಾಗಿದ್ದೆ. ಅಂದು ಏನೋ ಪೂಜೆ ಎಂದು ಅವರು ಫೋನೂ ಮಾಡದೆ ಹೊರಟು ಬಂದಿದ್ದರು. ಕಾರನ್ನು ಮೇಲಿನ ಗೇಟಿನಲ್ಲೇ ನಿಲ್ಲಿಸಿ, ರೇಷ್ಮೆ ಸೀರೆಯಲ್ಲಿ, ಬಾಳೆಹಣ್ಣಿನ ಚಿಪ್ಪು ಹಿಡಿದು ನೇರ ಬೇಲಿಯ ಹತ್ತಿರ ಹೋಗಿದ್ದಾರೆ. ಲಾರಿಯ ಮರೆಯಲ್ಲಿ ನಿಂತು ಗುರಿ ಹಿಡಿದವನು ಅವರಿಗೆ ಕಾಣಲಿಲ್ಲ, ಅವನಿಗೆ ಇವರು ಕಾಣಲಿಲ್ಲ. "ಬಸವಾ, ಬಾರೋ" ಎಂದರು. ಹೋರಿ ತಲೆ ತಿರುಗಿಸಿತು, ಅದೇ ಕ್ಷಣಕ್ಕೆ ಗುಂಡು ಹಾರಿತು.

ಹಣೆಗೆ ಬೀಳಬೇಕಾದದ್ದು ದವಡೆಗೆ ಬಿತ್ತು. ಹೋರಿಯ ಅರ್ಧ ಬಾಯಿ ನೇತಾಡುತ್ತಿತ್ತು. ಅದು ಹೊರಡಿಸಿದ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ. ಕುರುಡಾಗಿ ಸುತ್ತಿ, ನೆಲ ಒದ್ದು, ಬಂದದ್ದು ಪರಿಚಯದ ದನಿಯ ಕಡೆಗೇ. ತಂತಿ ಹರಿದು, ಗೂಟ ಮುರಿದು ಅವರ ಮೇಲೆ ಬಂತು. ಆಂಟಿ ಕಾಲು ಕಿತ್ತಿಡಲಾಗದೆ ಹಣ್ಣು ಹಿಡಿದೇ ನಿಂತಿದ್ದರು. ತೊಟ್ಟಿಯ ಹತ್ತಿರವಿದ್ದ ಅಪ್ಪ, ಹಿಂದಿನ ಸಲ ಗುಂಡಿನ ಸದ್ದಿಗೆ ಬಚ್ಚಲು ಸೇರಿದ್ದ ಅಪ್ಪ, ಬೇಲಿ ಹಿಡಿದು ನಡೆಯುತ್ತಿದ್ದ ಅಪ್ಪ, ಎಲ್ಲಿಂದ ಶಕ್ತಿ ತಂದನೋ, ಓಡಿ ಬಂದು ಅವರ ಸೊಂಟಕ್ಕೆ ಕೈ ಹಾಕಿ ಎಳೆದುಕೊಂಡು ಚರಂಡಿಗೆ ಉರುಳಿದ. ಹೋರಿಯ ಗೊರಸು ಅವರಿಬ್ಬರ ತಲೆಯ ಪಕ್ಕದ ಮಣ್ಣು ಸೀಳಿತು. ಲಾರಿಯ ಬಳಿಯಿದ್ದ ರಾಬ್ ಅಡ್ಡ ಹೋಗಿ ಪಕ್ಕೆಗೆ ಗುದ್ದಿಸಿಕೊಂಡು ಬಿದ್ದ. ಎರಡನೆಯ ಗುಂಡು ಕತ್ತಿಗೆ, ಮೂರನೆಯದು ಕಿವಿಯ ಹಿಂದೆ. ಆಮೇಲೆ ಹೋರಿ ಬಿತ್ತು, ಸದ್ದು ನಿಂತಿತು.

ರಾಬ್ ಪಕ್ಕೆ ಹಿಡಿದುಕೊಂಡು ತಾನೇ ಎದ್ದು ಕೂತ. ಆಂಟಿಯ ಸೀರೆ, ತೋಳು, ಕೂದಲೆಲ್ಲ ರಕ್ತ. ಅವರದ್ದಲ್ಲ. ಅಪ್ಪನ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಉಸಿರು ಎಳೆದರೂ ಒಳಗೆ ಹೋಗುತ್ತಿರಲಿಲ್ಲ. ನಾನು ಅವನ ಕಾಲು ಎತ್ತಿ ಹಿಡಿದು ನಾಡಿ ಎಣಿಸುತ್ತಾ ದೇವರನ್ನೂ ರಾಬ್‌ನನ್ನೂ ಬಂದೂಕಿನವನನ್ನೂ ಒಟ್ಟಿಗೆ ಬೈದೆ. ಅಪ್ಪನಿಗೆ ಬಣ್ಣ ಬಂದ ಮೇಲೆ ಇಬ್ಬರನ್ನೂ ಅಡುಗೆಮನೆಯಲ್ಲಿ ಕೂರಿಸಿದೆ. ಆಂಟಿಯ ಕೈಗೆ ನೀರು ಕೊಟ್ಟೆ. ಆ ದಿನ ಮಾತ್ರ ಗಟಗಟ ಕುಡಿದರು. ಆಮೇಲೆ ಅಳತೊಡಗಿದರು.

"ಎಂಥ ಜನ ಮಂಜುಳಾ ಇವ್ರು! ರಾಕ್ಷಸರು. ನನ್ ಕೈಯಿಂದ ಹಣ್ಣು ತಿಂತಿತ್ತು ಅದು. ನಮ್ ಕಡೆ ಆಗಿದ್ರೆ ಇವರನ್ನ ಸುಮ್ನೆ ಬಿಡ್ತಿದ್ರಾ? ಹಿಡಿದು ನಾಲ್ಕು ಬಾರ್ಸಿ ಕೈ ಮುರೀತಿದ್ರು."

ನನ್ನ ಮೈ ಉರಿದುಹೋಯಿತು. ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಅಂಗಿಯ ಬಲತೋಳು ಮೇಲಕ್ಕೆ ಮಡಿಸಿದ. ನಿಧಾನಕ್ಕೆ, ಒಂದೊಂದೇ ಮಡಿಕೆ. ಸೊಟ್ಟ ಮೊಣಕೈಯನ್ನು ಮೇಜಿನ ಮೇಲೆ, ಅವರ ಲೋಟದ ಪಕ್ಕದಲ್ಲಿಟ್ಟ.

"ಮುರಿದ್ರು ಕಣಮ್ಮ" ಎಂದ.

ಆಂಟಿ ಕೈ ನೋಡಿದರು. ಅಪ್ಪನ ಮುಖ ನೋಡಿದರು. ನನ್ನನ್ನು ನೋಡಿದರು. ಯಾವ ಕೇರಿ, ಯಾವ ಜನ ಎಂದು ಇಷ್ಟು ದಿನ ಕೇಳದೆ ಬಿಟ್ಟದ್ದೆಲ್ಲ ಅವರಿಗೆ ಆಗ ಒಟ್ಟಿಗೆ ತಿಳಿಯಿತು ಎಂದು ಕಾಣುತ್ತದೆ.

"ನಮ್ ಕೇರಿಯೋರು ತಿಂತಿದ್ವಿ. ಮಗಳು ಬತ್ತಾಳೆ ಅಂತ ತರ್ತಿದ್ದೆ, ಕೆರೆ ಏರಿ ಮ್ಯಾಲೆ ಇಡ್ಕಂಡ್ರು. ನೀವು ಅಳ್ಬ್ಯಾಡಿ. ಆ ಮೂಕ್ ಪ್ರಾಣಿ ಅನುಬೋಗ್ಸಿದ್ದು ನಂಗೂ ನೋಡಕಾಗ್ನಿಲ್ಲ."

ಅವರು ಎದ್ದು, ರಕ್ತದ ಸೆರಗನ್ನು ಹಿಡಿಯಾಗಿ ಹಿಡಿದುಕೊಂಡು ಕಾರಿಗೆ ನಡೆದರು. ನಾನು ಬಿಟ್ಟು ಬರುತ್ತೇನೆ ಎಂದರೂ ಕೇಳಲಿಲ್ಲ. ಕಾರು ಹೋದ ಮೇಲೆ ಅಪ್ಪ ಮಡಿಸಿದ ತೋಳು ಇಳಿಸಿಕೊಂಡು ನನ್ನ ಕಡೆ ತಿರುಗಿದ.

"ಫ್ರಿಜ್ಜಿನಾಗೆ ಅವ್ನು ಕೊಟ್ಟಿದ್ದು ಇನ್ನೂ ಐತಾ?"

"ಐತೆ."

"ಮಾಡು. ಅವ್ರಿಗೆ ಯೋಳಾಯ್ತಲ್ಲ, ಇನ್ನೇನ್ ಮುಚ್ಚಿಡಾದು."

ಕೊಬ್ಬರಿ, ಧನಿಯ, ಚಕ್ಕೆ ಲವಂಗ ಹುರಿದು ಖಾರ ರುಬ್ಬಿದೆ. ಅವ್ವ ಮಾಡುತ್ತಿದ್ದ ಹಾಗೆ, ಆದರೆ ಕಿಟಕಿ ಬಾಗಿಲು ಎಲ್ಲ ಹಾರುಹೊಡೆದು. ಮುದ್ದೆ ತೊಳಸಿದೆ. ಮೇಲೆ ನಿಂಬೆಹಣ್ಣು ಹಿಂಡಿದೆ. ಮೊದಲ ತುತ್ತು ನುಂಗಿದ ಅಪ್ಪ ಹೊರಗೋಡಿ ವಾಂತಿ ಮಾಡಿಕೊಂಡ. ಬಾಯಿ ತೊಳೆದುಕೊಂಡು ಬಂದು ಮತ್ತೆ ಕೂತ. ಎರಡನೆಯ ತುತ್ತು ತಿನ್ನುವಾಗ ಅವನ ಮುಖ ಹೇಗಿತ್ತೆಂದರೆ, ಯಾರದೋ ಕತ್ತು ಹಿಸುಕುತ್ತಿರುವವನ ಹಾಗಿತ್ತು. ಕಣ್ಣೀರು ತಟ್ಟೆಗೆ ಬೀಳುತ್ತಿತ್ತು, ಅಗಿಯುತ್ತಲೇ ಇದ್ದ. ಆರೋಗ್ಯಕ್ಕೆ ಒಳ್ಳೆಯದು ಎಂದು ಮಾಂಸ ತಿನ್ನುವವರನ್ನು ಇಲ್ಲಿ ಬೇಕಾದಷ್ಟು ನೋಡಿದ್ದೇನೆ, ಹಾಗೆ ತಿಂದವರನ್ನು ನೋಡಿಲ್ಲ.

ಅಲ್ಲಿಂದ ವಾರಕ್ಕೆರಡು ಸಲ. ಊಟವಾದ ಮೇಲೆ ಟೀ ಕೇಳಿದರೆ ನಾನು ಕೊಡುತ್ತಿರಲಿಲ್ಲ, ಅದಕ್ಕೊಂದು ಜಗಳ. ತೊಟ್ಟಿಯ ಕೆಲಸ ಮುಗಿಯಿತು. ಮುಂದಿನ ರಕ್ತ ಪರೀಕ್ಷೆಯ ಹೊತ್ತಿಗೆ ಡಾಕ್ಟರಮ್ಮ ಹುಬ್ಬೇರಿಸಿದರು. ನಾನು ಕೆಳರೆಪ್ಪೆ ಎಳೆದು ನೋಡಿದೆ, ಕೆಂಪಗಿತ್ತು. ಮೇಲಿನ ಗೇಟಿನವರೆಗೆ ನಿಲ್ಲದೆ ನಡೆಯುತ್ತಿದ್ದ. ಶನಿವಾರ ಮಾತ್ರ ಬೆಳಿಗ್ಗೆಯೇ ಗೇಟಿಗೆ ಹೋಗಿ, ರಸ್ತೆ ನೋಡಿ, ಹಿಂದಿರುಗಿ ಬರುತ್ತಿದ್ದ. ಆಂಟಿ ಬರಲಿಲ್ಲ. ರಾಬ್ ಬಂದು ಅಪ್ಪನ ಬೆನ್ನು ತಟ್ಟುವನು. ಅವನ ಜೊತೆ ತಟ್ಟೆ ಹಂಚಿಕೊಳ್ಳಬಹುದು, ಮಾತು ಹಂಚಿಕೊಳ್ಳುವಂತಿಲ್ಲ. ಆಂಟಿಯ ಜೊತೆ ಮಾತಿತ್ತು, ತಟ್ಟೆ ಇರಲಿಲ್ಲ. ಎರಡೂ ಒಂದೇ ಮನೆಯಲ್ಲಿ ಸಿಗುವ ಜಾಗ ಭೂಮಿಯ ಮೇಲೆ ನಮಗೆಂದು ಇತ್ತೆಂದರೆ ಅದು ನಮ್ಮ ಕೇರಿ. ಅಲ್ಲಿಗೆ ಹೋಗಬೇಕೆಂದರೆ ಆ ಕೆರೆ ಏರಿ ದಾಟಬೇಕು.

ಕಳೆದ ಶನಿವಾರ ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಿದ್ದ. ಅಂಗಳದಲ್ಲಿ ಕಾರು ನಿಂತ ಸದ್ದು. "ಅಂಕಲ್" ಎಂದು ಆ ದನಿ. ನಾನು ಯೋಚಿಸಲೇ ಇಲ್ಲ, ಕೈ ತಾನಾಗಿ ಹೋಗಿ ಅಪ್ಪನ ತಟ್ಟೆ ಹಿಡಿದು ಎಳೆಯಿತು. ಅಪ್ಪ ಸೊಟ್ಟಗೈಯಿಂದ ನನ್ನ ಮಣಿಕಟ್ಟು ಹಿಡಿದ. ಮೂಳೆ ಲಟಕ್ಕೆನ್ನುವ ಹಾಗೆ ಹಿಡಿದ. ಆ ಕೈಯಲ್ಲಿ ಅಷ್ಟು ಬಲ ಬಂದಿದೆ ಎಂದು ಗೊತ್ತಾದದ್ದು ಆಗಲೇ.

"ಬಿಡು ತಟ್ಟೆ" ಎಂದ.

ಸುಧಾ ಆಂಟಿ ಬಾಗಿಲಿಗೆ ಬಂದು ನಿಂತಿದ್ದರು. ತಟ್ಟೆ ಕಂಡಿತು. ವಾಸನೆಯೂ ತಾಗಿತು, ಮೂಗಿನ ಹೊಳ್ಳೆ ಅದುರಿದ್ದನ್ನು ನಾನು ನೋಡಿದೆ. ತಿರುಗಿ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ.

"ಊಟ ಮಾಡಿ ಅಂಕಲ್. ನಾನು ಇಲ್ಲೇ ಹೊರಗೆ ಕೂತಿರ್ತೀನಿ."

ನಮ್ಮ ಕಡೆಗೆ ಬೆನ್ನು ಮಾಡಿ ಮೆಟ್ಟಿಲ ಮೇಲೆ ಕೂತರು. ಗಾಳಿ ಮೈ ಕೊರೆಯುತ್ತ ಬೀಸುತ್ತಿತ್ತು. ಅಲ್ಲಿಂದಲೇ ಮಾತು ಶುರು ಮಾಡಿದರು. ಮಗಳಿಗೆ ಕನ್ನಡ ಅಕ್ಷರ ಕಲಿಸುತ್ತಿದ್ದಾರಂತೆ, ಅವಳು ಅಳುತ್ತಾಳಂತೆ. ಅಪ್ಪ ಮೂಳೆ ಚೀಪುತ್ತಾ, ನನ್ನೂ ಎರಡನೇ ಕ್ಲಾಸಿನಲ್ಲಿ ಮೇಷ್ಟ್ರು ಹಂಗೇ ಅಳಿಸಿದ್ರು ಎಂದ. ಇಬ್ಬರೂ ನಕ್ಕರು. ತಾನು ಕಟ್ಟಿದ ಮನೆಗಳಿಗೆ ಅಪ್ಪ ಗೃಹಪ್ರವೇಶದ ದಿನ ಹೋದರೆ ಜಗಲಿಯ ಕೆಳಗೇ ಕೂರಿಸಿ ಎಲೆ ಹಾಕುತ್ತಿದ್ದರು. ಹೊರಗೆ ಕೂತು ಒಳಗಿನವರ ಜೊತೆ ಮಾತಾಡುವುದು ಹೇಗೆ ಎಂದು ಅವನಿಗೆ ಚೆನ್ನಾಗಿ ಗೊತ್ತು. ಒಳಗೆ ಕೂತು ಹೊರಗಿನವರ ಜೊತೆ ಮಾತಾಡಿದ್ದು ಅದೇ ಮೊದಲು.

"ಒಳಿಕ್ ಬಾರಮ್ಮ, ಚಳಿ" ಎಂದ.

"ಇರ್ಲಿ ಅಂಕಲ್, ಪರ್ವಾಗಿಲ್ಲ."

ನಾನು ಇಬ್ಬರ ನಡುವೆ, ಬಾಗಿಲಲ್ಲಿ, ಮಣಿಕಟ್ಟು ಉಜ್ಜಿಕೊಳ್ಳುತ್ತಾ ನಿಂತಿದ್ದೆ. ಅಲ್ಲಿ ಅಪ್ಪನ ಬೆರಳಿನ ಗುರುತು ನೀಲಿಗಟ್ಟುತ್ತಿತ್ತು. ಒಳಗೆ ಬರಲಾಗದಿದ್ದರೆ ಎದ್ದು ಹೋಗಿ ಎಂದು ಕಿರುಚಬೇಕೆನ್ನಿಸಿತು. ನಮ್ಮ ಮನೆಯ ನೀರು ಮುಟ್ಟದವರಿಗೆ ನಮ್ಮ ಮೆಟ್ಟಿಲೂ ಇಲ್ಲ ಎನ್ನಬೇಕೆನ್ನಿಸಿತು. ಅವರು ಹೊರಡಲು ಎದ್ದು ಕಾರಿನ ಬಾಗಿಲು ತೆರೆದರು. ಆಗ ಬರಿಗಾಲಿನಲ್ಲಿ ಹುಲ್ಲಿನ ಮೇಲೆ ಓಡಿ ಹೋಗಿ, "ಮುಂದಿನ್ ಶನಿವಾರನೂ ಬನ್ನಿ ಆಂಟಿ, ತಪ್ಪಿಸ್ಬೇಡಿ" ಎಂದು ಕಿಟಕಿಗೆ ಬಗ್ಗಿ ಬೇಡಿಕೊಂಡವಳೂ ನಾನೇ.